ಆರ್ಟ್ಸ್ ತಗೊಂಡರೆ ಕೆಟ್ಟಳೇ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತೆಂದರೆ ನಮ್ಮ ಮನೆಗಳಲ್ಲಿ ತಕ್ಕಡಿ ಹೊರಬರುತ್ತದೆ. ತೊಂಬತ್ತು ದಾಟಿದರೆ ಸೈನ್ಸ್, ಎಪ್ಪತ್ತಾದರೆ ಕಾಮರ್ಸ್, ಅದಕ್ಕೂ ಕೆಳಗಾದರೆ ಆರ್ಟ್ಸ್. ಅಕ್ಕಿ, ನುಚ್ಚು, ತೌಡು ಎಂದು ಬೇರೆ ಮಾಡಿದ ಹಾಗೆ! ಒಳ್ಳೆಯ ಅಂಕ ಪಡೆದ ಹುಡುಗಿಯೇ ‘ನನಗೆ ಇತಿಹಾಸ ಓದಬೇಕು’ ಎಂದರೆ ಮುಗಿಯಿತು, ಮನೆಯಲ್ಲಿ ಸೂತಕದ ಕಳೆ. ‘ಆರ್ಟ್ಸ್ ಓದಿ ಏನ್ ಮಾಡ್ತೀಯೇ?’

ಹೀಗೆ ಕೇಳುವವರು ಒಮ್ಮೆಯಾದರೂ ವಿಚಾರಿಸಿದ್ದಾರೆಯೇ? ಐ.ಎ.ಎಸ್., ಕೆ.ಎ.ಎಸ್. ಪರೀಕ್ಷೆ ಕಟ್ಟಲು ಯಾವ ಪದವಿಯಾದರೂ ಸಾಕು. 2015ರ ನಾಗರಿಕ ಸೇವಾ ಪರೀಕ್ಷೆಯಲ್ಲಿ ದೇಶಕ್ಕೇ ಮೊದಲಿಗಳಾದ ಟೀನಾ ಡಾಬಿ ಓದಿದ್ದು ರಾಜ್ಯಶಾಸ್ತ್ರ. 2021ರ ಪರೀಕ್ಷೆಯಲ್ಲಿ ಮೊದಲಿಗಳಾದ ಶ್ರುತಿ ಶರ್ಮಾ ಓದಿದ್ದು ಇತಿಹಾಸ. ನಮ್ಮ ಕೋಲಾರದ ಕೆ.ಆರ್. ನಂದಿನಿ ಎಂಜಿನಿಯರಿಂಗ್ ಓದಿದವರೇ, ನಿಜ. ಆದರೆ 2016ರ ಪರೀಕ್ಷೆಯಲ್ಲಿ ಮೊದಲ ಸ್ಥಾನ ಗಳಿಸಿದಾಗ ಅವರ ಐಚ್ಛಿಕ ವಿಷಯ ಕನ್ನಡ ಸಾಹಿತ್ಯ! ಕನ್ನಡ ಓದಿದರೆ ಅನ್ನ ಹುಟ್ಟುತ್ತದೆಯೇ ಎನ್ನುವವರು ಇದಕ್ಕೇನೆನ್ನುತ್ತಾರೆ?

‘ಎಲ್ಲರೂ ಐ.ಎ.ಎಸ್. ಆಗ್ತಾರಾ?’ ಎನ್ನುತ್ತೀರಿ. ಇಲ್ಲ. ಎಂಜಿನಿಯರಿಂಗ್ ಓದಿದವರೆಲ್ಲ ಎಂಜಿನಿಯರಾಗಿದ್ದಾರೆಯೇ? ಬ್ಯಾಂಕಿನ ಕೌಂಟರಿನಲ್ಲಿ ಕುಳಿತ ಬಿ.ಇ.ಗಳನ್ನು ನೀವು ನೋಡಿಲ್ಲವೇ? ಆ ಪರೀಕ್ಷೆಗೂ ಯಾವ ಪದವಿಯಾದರೂ ಆಗುತ್ತದೆ. ಐದು ವರ್ಷದ ಕಾನೂನು ಪದವಿಗೆ ಪಿಯುಸಿಯಲ್ಲಿ ಯಾವ ವಿಭಾಗವಾದರೂ ಸರಿ. ಸಿ.ಎ.ಗೂ ಹಾಗೆಯೇ, ಕಾಮರ್ಸೇ ಆಗಬೇಕೆಂದಿಲ್ಲ. ಬಾಗಿಲು ಮುಚ್ಚಿರುವುದು ಓದಿನಲ್ಲಲ್ಲ, ನಮ್ಮ ತಲೆಯಲ್ಲಿ.

ಅದಕ್ಕಿಂತ ಕಹಿಯಾದ ಮಾತು ಇನ್ನೊಂದಿದೆ. ಮಗನಿಗಾದರೆ ಕೆಲಸ ಸಿಗುವ ಓದು, ಮಗಳಿಗಾದರೆ ಮದುವೆಯವರೆಗಿನ ಓದು. ನನ್ನ ಪರಿಚಯದವರೊಬ್ಬರು ಮಗನ ಎಂಜಿನಿಯರಿಂಗ್ ಸೀಟಿಗೆ ಅಡಿಕೆ ತೋಟವನ್ನೇ ಅಡವಿಟ್ಟರು. ಅವನಿಗಿಂತ ಹೆಚ್ಚು ಅಂಕ ಪಡೆದ ಮಗಳು ಲಾ ಓದುತ್ತೇನೆಂದಾಗ, ‘ವಾದ ಮಾಡೋ ಹುಡುಗಿಗೆ ಗಂಡು ಎಲ್ಲಿಂದ ತರಲಿ?’ ಎಂದರು. ಮನೆ ಹತ್ತಿರದ ಕಾಲೇಜಿನಲ್ಲಿ ಸಿಕ್ಕಿದ್ದನ್ನು ಓದಿದಳು. ಈಗ ಕರೆಂಟು ಬಿಲ್ಲಿಗೂ ಗಂಡನ ಕೈ ನೋಡುತ್ತಾಳೆ. ತೋಟದ ಸಾಲ ತೀರಿರಬಹುದು. ಈ ಸಾಲ ಯಾರು ತೀರಿಸುತ್ತಾರೆ?

ಅಮ್ಮಂದಿರೇ, ಫೀಸಿನ ಲೆಕ್ಕ ಬೇಡವೆನ್ನುತ್ತಿಲ್ಲ. ಕೆಲಸದ ಚಿಂತೆಯೂ ಬೇಕು, ಮಗಳಿಗಂತೂ ಮೊದಲು ಬೇಕು. ಆದರೆ ಪಕ್ಕದ ಮನೆಯವರ ಮಗ ಏನು ಓದಿದನೆಂದು ಕೇಳುವ ಮುಂಚೆ, ನಿಮ್ಮ ಮಗಳು ಪರೀಕ್ಷೆಯಿಲ್ಲದಿದ್ದರೂ ಯಾವ ಪುಸ್ತಕ ಬಿಡಿಸಿ ಕೂರುತ್ತಾಳೆ, ನೋಡಿ. ಆ ಓದಿನಿಂದ ಯಾವ ಯಾವ ಕೆಲಸಕ್ಕೆ ದಾರಿಯಿದೆಯೆಂದು ಗೊತ್ತಿದ್ದವರನ್ನು ವಿಚಾರಿಸಿ. ಸೀರೆ ಕೊಳ್ಳಲು ನಾಲ್ಕು ಅಂಗಡಿ ಹತ್ತಿಳಿಯುವ ನಾವು, ಮಗಳ ಬದುಕಿಗಾಗಿ ಅಷ್ಟಾದರೂ ಓಡಾಡಬಾರದೇ?