ನೀರು ಉಳಿಸಿ ಅಂತ ಯಾರಿಗೆ ಹೇಳ್ತೀರಿ?



ಮಾರ್ಚ್ 22 ಬಂದ್ರೆ ಸಾಕು, ವಿಶ್ವ ಜಲ ದಿನ. ಬ್ಯಾನರ್ ಕಟ್ಟಿ ಭಾಷಣ ಶುರು: ಹಲ್ಲುಜ್ಜುವಾಗ ನಲ್ಲಿ ಬಂದ್ ಮಾಡಿ, ಶವರ್ ಬಿಟ್ಟು ಬಕೆಟ್‌ನಲ್ಲಿ ಸ್ನಾನ ಮಾಡಿ. ಮಾತು ತಪ್ಪಲ್ಲ. ಆದರೆ ಶವರ್ರೇ ಇಲ್ಲದ ಕೇರಿಗೆ ಬಂದು ಇದನ್ನ ಹೇಳ್ತಾರಲ್ಲ! ಅಕ್ಕಿ ತೊಳೆದ ನೀರು ಆಡಿಗೆ, ಬಟ್ಟೆ ಜಾಲಿಸಿದ ನೀರು ಪಾಯಿಖಾನೆಗೆ. ನಮ್ಮ ಅವ್ವಂದಿರು ಇದನ್ನ ಬ್ಯಾನರ್ ನೋಡಿ ಕಲಿತಿಲ್ಲ. ಬಳ್ಳಾರಿಯ ಎಷ್ಟೋ ವಾರ್ಡ್‌ಗಳಲ್ಲಿ ವಾರ ದಾಟಿದ ಮೇಲೆ ಬರೋ ನಲ್ಲಿ ಕಲಿಸಿದ್ದು ಅದು.

ಪಾಠ ಬೇಕಾಗಿರೋದು ಸಂಪು, ಸಿಂಟೆಕ್ಸ್, ಬೋರು ಮೂರೂ ಇರೋರಿಗೆ. ಜಲ ಜೀವನ್ ಮಿಷನ್ ಲೆಕ್ಕದಲ್ಲಿ ಹಳ್ಳಿಯವನಿಗೆ ದಿನಕ್ಕೆ 55 ಲೀಟರ್. ಒಳಚರಂಡಿ ಇರೋ ಶಹರದವನಿಗೆ 135. ಹಳೇ ಫ್ಲಶ್ ಒಮ್ಮೆ ಒತ್ತಿದ್ರೆ ಸುಮಾರು 10 ಲೀಟರ್ ಹೋಗ್ತದ. ಆರು ಸಲ ಒತ್ತಿದ್ರೆ ಹಳ್ಳಿಯವನ ಇಡೀ ದಿನದ ಪಾಲು ಮುಗೀತು. ಫ್ಲಶ್ ಟ್ಯಾಂಕಿನೊಳಗ ಒಂದು ಲೀಟರಿನ ಬಾಟ್ಲಿ ತುಂಬಿಸಿ ಇಡ್ರಿ, ಪ್ರತಿ ಸಲ ಒಂದು ಲೀಟರ್ ಉಳಿತದ. ಮೇಲಿನ ಟ್ಯಾಂಕಿಗೆ ಫ್ಲೋಟ್ ವಾಲ್ವ್ ಹಾಕಿಸ್ರಿ, ತುಂಬಿ ರಸ್ತೆಗೆ ಸುರಿಯೋದು ನಿಲ್ತದ. ಆರ್‌ಒ ಬಿಡೋ ನೀರಿನಾಗ ನೆಲ ಒರೆಸ್ರಿ. ಪೈಪಿಗೆ ನೇರ ಮೋಟಾರ್ ಹಚ್ಚಿ ಎಳೆಯೋದು ಬಿಡ್ರಿ. ನೀವು ಎಳೆದಷ್ಟೂ ಲೈನಿನ ಕೊನೆಗಿರೋ ಓಣಿ ಒಣಗ್ತದ, ಆ ಕೊನೆಗೆ ಯಾರ ಮನೆಗಳು ಇರ್ತಾವ ಅಂತ ನಾನು ಹೇಳಬೇಕಾಗಿಲ್ಲ.

ಇನ್ನು ದೊಡ್ಡ ಲೆಕ್ಕ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ತುಂಡಾಗಿ, ತಾತ್ಕಾಲಿಕ ಗೇಟು ಕೂರಿಸೋವರೆಗೆ ಸುಮಾರು ಒಂದು ವಾರ ತುಂಬಿದ ನೀರು ನದಿಗೆ ಹೋಯ್ತು. ಹೂಳು ತುಂಬಿ 133 ಟಿಎಂಸಿ ಡ್ಯಾಮು 105ರ ಆಸುಪಾಸಿಗೆ ಇಳಿದದ. ಇದ್ಯಾವುದೂ ನಲ್ಲಿ ಬಂದ್ ಮಾಡೋದ್ರಿಂದ ಸರಿಯಾಗಲ್ಲ.

ಸಿರುಗುಪ್ಪ, ಕುರುಗೋಡು ಕಡೆ ಕಾಲುವೆ ಮೇಲ್ಭಾಗದ ಭತ್ತದ ಗದ್ದೆ ನೀರಲ್ಲಿ ನಿಂತಿರ್ತದ, ಕೊನೆಯಂಚಿನ ರೈತ ಆಕಾಶ ನೋಡ್ತಾನ. ಕೂರಿಗೆ ಬಿತ್ತನೆ ಭತ್ತ, ನೀರು ಕಟ್ಟಿ ಆರಿಸಿ ಮತ್ತೆ ಕಟ್ಟೋ ಪದ್ಧತಿ, ಇವೆಲ್ಲ ಗೊತ್ತಿರೋವೇ. ಆದರೆ ನಾಟಿ ತಪ್ಪಿದ್ರೆ ನಮ್ಮ ಹೆಣ್ಣಾಳುಗಳ ಕೂಲಿಯೂ ತಪ್ತದ. ಆ ದಿನಗಳಿಗೆ ಕೆರೆ ಹೂಳೆತ್ತೋ ಕೆಲಸ ಕೊಡ್ರಿ, ಆಮೇಲೆ ಮಾತಾಡೋಣ.

ಜಲ ದಿನಕ್ಕೆ ಎರಡೇ ದಿನ ಮುಂಚೆ, ಮಾರ್ಚ್ 20. 1927ರಲ್ಲಿ ಬಾಬಾಸಾಹೇಬರು ಮಹಾಡದ ಚವದಾರ ಕೆರೆ ನೀರು ಮುಟ್ಟಿದ ದಿನ. ಕೆರೆ ಎಲ್ಲರಿಗೂ ಅಂತ ಅಲ್ಲಿನ ಪುರಸಭೆ ಮೊದಲೇ ಠರಾವು ಮಾಡಿತ್ತು. ಆದರೂ ಅವರು ಕುಡಿದ ಮೇಲೆ ಸವರ್ಣೀಯರು ಕೆರೆಯನ್ನ 'ಶುದ್ಧಿ' ಮಾಡಿದ್ರು. ನಮ್ಮ ಜಲ ದಿನದ ಭಾಷಣದಲ್ಲಿ ಈ ಮಾತು ಎಂದಾದ್ರೂ ಕೇಳೀರಾ?

ಮುಂದಿನ ಗ್ರಾಮಸಭೆಗೆ, ವಾರ್ಡ್ ಸಭೆಗೆ ಹೋಗ್ರಿ. ಯಾವ ಓಣಿಗೆ ಯಾವ ದಿನ, ಎಷ್ಟು ತಾಸು ವಾಲ್ವ್ ತಿರುಗಿಸ್ತಾರ, ಬರೆದು ಗೋಡೆಗೆ ಹಚ್ಚಿಸ್ರಿ. ಸಾರ್ವಜನಿಕ ನೀರಿಗೆ ಜಾತಿ ನೋಡಿ ಅಡ್ಡ ಬಂದ್ರೆ 1989ರ ದೌರ್ಜನ್ಯ ತಡೆ ಕಾಯ್ದೆ ಅದ, ಠಾಣೆಗೆ ಒಬ್ಬರೇ ಹೋಗಬೇಡ್ರಿ. ಹಚ್ಚಿದ ಪಟ್ಟಿಯ ಫೋಟೋ ಕಾಮೆಂಟಿನಲ್ಲಿ ಹಾಕ್ರಿ, ಊರ ಹೆಸರು ಬರೀರಿ.