ಹಿರಿಯರ ಹೊಟ್ಟೆನೋವನ್ನು ವಯಸ್ಸಿನ ಮೇಲೆ ಹಾಕಬೇಡಿ



ಕೊಡಂಗಲ್ ಸಮೀಪದ ಹಳ್ಳಿಯೊಂದಕ್ಕೆ ಮನೆ ಭೇಟಿಗೆ ಹೋದಾಗ ಎಪ್ಪತ್ತು ದಾಟಿದ ಒಬ್ಬ ಅಜ್ಜನವರನ್ನು ಕಂಡೆವು. ತಾಂಡೂರಿನ ಕಲ್ಲು ಗಣಿಯಲ್ಲಿ ದುಡಿದು ಸವೆದ ದೇಹ. ತೊಡೆಸಂದಿನಲ್ಲಿ ಹರ್ನಿಯಾ ಇದೆಯೆಂದೂ, ಬಟ್ಟೆ ಬಿಗಿದು ಕಟ್ಟಿಕೊಂಡು ವರ್ಷಗಳೇ ಆದವೆಂದೂ ನಮ್ಮೊಡನೆ ಮೆಲ್ಲಗೆ ಹೇಳಿದರು. ಡಾಕ್ಟರಿಗೆ ತೋರಿಸಿ ಎಂದೆವು. "ಈ ವಯಸ್ಸಿನಾಗ ಯಾಕ ಕೊಯ್ಸಕೋಬೇಕು ಫಾದರ್? ಇದ್ದಷ್ಟು ದಿನ ಇರ್ತೀನಿ" ಎಂದು ನಕ್ಕುಬಿಟ್ಟರು. ನಾವೂ ಒತ್ತಾಯಿಸಲಿಲ್ಲ.

ಕೆಲವೇ ತಿಂಗಳಲ್ಲಿ, ಒಂದು ರಾತ್ರಿ, ಹರ್ನಿಯಾದಲ್ಲಿ ಕರುಳು ಸಿಕ್ಕಿಕೊಂಡಿತು. ಜೀಪಿನಲ್ಲಿ ದೂರದ ಆಸ್ಪತ್ರೆ ಮುಟ್ಟಿ ಆಪರೇಷನ್ ಆಗುವಾಗ ಬೆಳಗಾಗಿತ್ತು. ರಕ್ತ ಹರಿಯದೆ ಸತ್ತ ಕರುಳಿನ ತುಂಡನ್ನೂ ತೆಗೆಯಬೇಕಾಯಿತು. ಮೂರನೇ ರಾತ್ರಿ ಅವರು ಮಗಳ ಗುರುತು ಹಿಡಿಯದೆ, ತೀರಿಹೋದ ಹೆಂಡತಿಯನ್ನು ಕರೆಯತೊಡಗಿದರು. "ಅಪ್ಪನ ತಲಿ ಕೆಟ್ಟದ ಫಾದರ್, ಕೊನಿ ಎಣ್ಣಿ ಹಚ್ಚಾಕ ಬರ್ರಿ" ಎಂದು ಮಗ ಫೋನಿನಲ್ಲಿ ಅತ್ತ. ದೇವರ ದಯೆಯಿಂದ ಅಜ್ಜ ಉಳಿದರು. ಆದರೆ ಒಬ್ಬರೇ ಅಂಗಳಕ್ಕೆ ನಡೆದು ಬರಲು ಎರಡು ತಿಂಗಳು ಹಿಡಿಯಿತು. ಅಂದು ಹಿಡಿದ ಕೋಲು ಮತ್ತೆ ಕೈಬಿಡಲಿಲ್ಲ. ಅಂದು ನಾವು ಇನ್ನೊಂದು ಮಾತು ಗಟ್ಟಿಯಾಗಿ ಹೇಳಿದ್ದರೆ ಎಂಬ ಕೊರಗು ನಮ್ಮಲ್ಲಿ ಉಳಿದಿದೆ. ಅದಕ್ಕೇ ಈ ಬರಹ.

ವಯಸ್ಸು ಏನು ಮಾಡುತ್ತದೆ? ಯುವಕರ ಹೃದಯ, ಶ್ವಾಸಕೋಶ, ಮೂತ್ರಪಿಂಡಗಳಲ್ಲಿ ದಿನದ ಅಗತ್ಯಕ್ಕಿಂತ ಹೆಚ್ಚಿನ ಶಕ್ತಿ ಕೂಡಿಟ್ಟಿರುತ್ತದೆ. ವಯಸ್ಸಾದಂತೆ ಆ ಉಳಿತಾಯ ಕರಗುತ್ತದೆ. ಆಪರೇಷನ್ ಎಂದರೆ ಆ ಗಂಟಿನಿಂದ ಒಮ್ಮೆಲೇ ಮಾಡುವ ದೊಡ್ಡ ಖರ್ಚು. ಹೊಟ್ಟೆಯ ಗಾಯದ ನೋವಿಗೆ ಹಿರಿಯರು ಆಳವಾಗಿ ಉಸಿರೆಳೆಯಲು, ಕೆಮ್ಮಲು ಹೆದರುತ್ತಾರೆ. ಕಫ ನಿಂತು ನ್ಯುಮೋನಿಯಾ ಬರಬಹುದು. ಮಲಗಿಯೇ ಇದ್ದರೆ ಕೈಕಾಲುಗಳ ಬಲ ಬೇಗ ಇಳಿಯುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಆ ಅಜ್ಜನಿಗೆ ಆದದ್ದು ಹುಚ್ಚಲ್ಲ. ದೊಡ್ಡ ಆಪರೇಷನ್ ಆದ ಹಿರಿಯರಲ್ಲಿ ಇಂಥ ಗೊಂದಲ ಅಪರೂಪವೇನಲ್ಲ, ಹೆಚ್ಚಿನವರಲ್ಲಿ ಕೆಲವು ದಿನಗಳಲ್ಲಿ ಇಳಿಯುತ್ತದೆ. ಆದರೂ ಸೋಂಕಿನ ಸೂಚನೆಯಾಗಿರಬಹುದಾದ್ದರಿಂದ ಡಾಕ್ಟರಿಗೆ ಕೂಡಲೇ ತಿಳಿಸಬೇಕು.

ಹಾಗಾದರೆ ಹಿರಿಯರಿಗೆ ಆಪರೇಷನ್ ಬೇಡವೇ? ಜಗದ್ಗುರು ಫ್ರಾನ್ಸಿಸ್‌ರವರನ್ನು ನೆನೆಯಿರಿ. 2021ರ ಜುಲೈ 4ರಂದು, 84ನೇ ವಯಸ್ಸಿನಲ್ಲಿ, ರೋಮಿನ ಜೆಮೆಲ್ಲಿ ಆಸ್ಪತ್ರೆಯಲ್ಲಿ ಅವರ ದೊಡ್ಡ ಕರುಳಿನ ಒಂದು ಭಾಗವನ್ನು ತೆಗೆದರು. ಹತ್ತು ದಿನಗಳಲ್ಲಿ ಅವರು ಮನೆಗೆ ಮರಳಿದರು. ಮರುವರ್ಷ ಮಂಡಿಯ ಆಪರೇಷನ್ ಬೇಡವೆಂದರು. ಹಿಂದಿನ ಅರಿವಳಿಕೆಯ ಪರಿಣಾಮ ಇನ್ನೂ ಉಳಿದಿದೆ ಎಂಬ ಕಾರಣ ಕೊಟ್ಟರು. ಆದರೆ 2023ರ ಜೂನ್ 7ರಂದು, 86ನೇ ವಯಸ್ಸಿನಲ್ಲಿ, ಹಳೆಯ ಗಾಯದ ಜಾಗದಲ್ಲಿ ಎದ್ದ ಹರ್ನಿಯಾ ಕರುಳನ್ನು ತಡೆಯುತ್ತಿದ್ದಾಗ ಮತ್ತೆ ಹೊಟ್ಟೆಯ ಆಪರೇಷನ್‌ಗೆ ಒಪ್ಪಿದರು. ಒಂದನ್ನು ಬೇಡವೆಂದರು, ಇನ್ನೊಂದನ್ನು ಬೇಕೆಂದರು. ವಯಸ್ಸನ್ನಷ್ಟೇ ಎಣಿಸದೆ ಲಾಭವನ್ನೂ ಹೊರೆಯನ್ನೂ ತೂಗಿ ನೋಡಿದರು. ಹೊರೆಯೇ ಹೆಚ್ಚಾದ ಚಿಕಿತ್ಸೆಯನ್ನು ನಿರಾಕರಿಸುವುದು ಪಾಪವಲ್ಲವೆಂದು ಧರ್ಮಸಭೆಯೂ ಬೋಧಿಸುತ್ತದೆ.

ತುಮಕೂರಿನ ಸಿದ್ಧಗಂಗಾ ಮಠದ ಡಾ. ಶಿವಕುಮಾರ ಸ್ವಾಮೀಜಿಯವರಿಗೆ 2018ರ ಡಿಸೆಂಬರಿನಲ್ಲಿ ಚೆನ್ನೈನಲ್ಲಿ ಪಿತ್ತನಾಳದ ತೊಂದರೆಗೆ ಶಸ್ತ್ರಚಿಕಿತ್ಸೆಯಾಯಿತು. ಆಗ ಅವರಿಗೆ 111 ವರ್ಷ. ಶಸ್ತ್ರಚಿಕಿತ್ಸೆ ಮುಗಿಸಿ ತುಮಕೂರಿಗೆ ಮರಳಿದರು. ಆದರೆ ಶ್ವಾಸಕೋಶದ ಸೋಂಕು ಕಾಡಿತು. 2019ರ ಜನವರಿ 21ರಂದು ಲಿಂಗೈಕ್ಯರಾದರು. ಗಾಯ ಹೊಲಿದ ಮಾತ್ರಕ್ಕೆ ದೇಹ ಗೆದ್ದಂತಲ್ಲ; ಮುಂದಿನ ದಿನಗಳೂ ಅಷ್ಟೇ ಮುಖ್ಯ.

ವೈದ್ಯರು ಕೇಳುವ ಪ್ರಶ್ನೆ "ವಯಸ್ಸೆಷ್ಟು?" ಎಂಬುದೊಂದೇ ಅಲ್ಲ. ಕೈಯೂರದೆ ಕುರ್ಚಿಯಿಂದ ಏಳುತ್ತಾರೆಯೇ, ತೂಕ ಇಳಿದಿದೆಯೇ, ಪದೇ ಪದೇ ಬೀಳುತ್ತಾರೆಯೇ, ಸಕ್ಕರೆ ಕಾಯಿಲೆ, ಬಿ.ಪಿ. ಹಿಡಿತದಲ್ಲಿವೆಯೇ ಎಂದೂ ನೋಡುತ್ತಾರೆ. ಎಲ್ಲಕ್ಕಿಂತ ಮಿಗಿಲಾಗಿ, ದಿನ ಗೊತ್ತು ಮಾಡಿ, ಸಿದ್ಧರಾಗಿ ಮಾಡಿಸಿಕೊಳ್ಳುವ ಆಪರೇಷನ್‌ಗಿಂತ ನಡುರಾತ್ರಿಯ ತುರ್ತು ಆಪರೇಷನ್‌ನಲ್ಲಿ ಅಪಾಯ ಬಹಳ ಹೆಚ್ಚು. ಹಿರಿಯರಲ್ಲಿ ದೊಡ್ಡ ಕಾಯಿಲೆಗೂ ಜ್ವರ, ನೋವು ಕಡಿಮೆಯೇ ಕಾಣಬಹುದು. ಆದ್ದರಿಂದ ಅವರ ಹೊಟ್ಟೆನೋವನ್ನು ಗ್ಯಾಸ್ ಎಂದು ತಳ್ಳಿಹಾಕಬೇಡಿ.

ಮನೆಯವರು ಮಾಡಬೇಕಾದದ್ದು ಇಷ್ಟು. ಬೀಡಿ, ಸಿಗರೇಟನ್ನು ಆಪರೇಷನ್‌ಗೆ ಕೆಲವು ವಾರ ಮೊದಲೇ ಬಿಡಿಸಿ. ರಕ್ತ ತೆಳುವಾಗಿಸುವ ಮಾತ್ರೆಯನ್ನೂ ಸೇರಿಸಿ, ತೆಗೆದುಕೊಳ್ಳುವ ಎಲ್ಲ ಮಾತ್ರೆಗಳನ್ನು ಡಾಕ್ಟರಿಗೆ ತೋರಿಸಿ. ಆಪರೇಷನ್ ಆದ ಮೇಲೆ ಕನ್ನಡಕ, ಕಿವಿಯ ಯಂತ್ರ ಬೇಗ ಕೊಡಿ. ಪರಿಚಿತ ಮುಖವೊಂದು ಹತ್ತಿರವಿರಲಿ. ಡಾಕ್ಟರು ಹೇಳಿದ ದಿನವೇ ಎಬ್ಬಿಸಿ ಕೂರಿಸಿ, ನಡೆಸಿ. ಪಥ್ಯವೆಂದು ವಾರಗಟ್ಟಲೆ ಬರೀ ಗಂಜಿ ಕೊಡಬೇಡಿ. ಡಾಕ್ಟರು ಒಪ್ಪಿದ ಮೇಲೆ ಬೇಳೆ, ಮೊಟ್ಟೆ, ಹಾಲು ಬೇಕು. ನಮ್ಮ ತಾಂಡೂರಿನ ತೊಗರಿಗೆ ಹೆಸರಿರುವುದು ಬರೀ ಮಾರಾಟಕ್ಕಲ್ಲ!

ಕೊನೆಯ ಮಾತು, ನಮ್ಮ ಕೆಲಸಕ್ಕೆ ಸೇರಿದ್ದು. ರೋಗಿಗಳ ಅಭ್ಯಂಗ ಸಂಸ್ಕಾರ ಸಾಯುವವರಿಗೆ ಮಾತ್ರ ಎಂಬುದು ತಪ್ಪು ತಿಳಿವಳಿಕೆ. ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲೇ ಇದನ್ನು ತಿದ್ದಿತು. ದೊಡ್ಡ ಆಪರೇಷನ್‌ಗೆ ಮೊದಲು ಇದನ್ನು ಪಡೆಯುವುದು ತಕ್ಕದ್ದೆಂದು ಧರ್ಮೋಪದೇಶ ಗ್ರಂಥವೂ ಹೇಳುತ್ತದೆ. ಸಿರಾಖನ ಗ್ರಂಥದ 38ನೇ ಅಧ್ಯಾಯವನ್ನು ಮನೆಯಲ್ಲಿ ಒಟ್ಟಿಗೆ ಕುಳಿತು ಓದಿ. ಪ್ರಾರ್ಥನೆಗೂ ವೈದ್ಯನಿಗೂ ಅಲ್ಲಿ ಜಗಳವಿಲ್ಲ.

ಈ ಭಾನುವಾರ ಪೂಜೆ ಮುಗಿಸಿ ಮನೆಗೆ ಹೋದಾಗ ಅಪ್ಪ, ಅವ್ವ, ಅಜ್ಜ, ಅಜ್ಜಿಯ ಪಕ್ಕ ಕುಳಿತು ಕೇಳಿ: "ನಮಗೆ ಹೇಳದ ನೋವೇನಾದರೂ ಇದೆಯೇ?" ನಕ್ಕು ಮಾತು ತೇಲಿಸಿದರೆ ಇನ್ನೊಮ್ಮೆ ಕೇಳಿ. ನಾವು ಅಂದು ಕೇಳಲಿಲ್ಲ.

ಪ್ರಭು ನಿಮ್ಮ ಮನೆಯ ಹಿರಿಯರನ್ನು ಕಾಪಾಡಲಿ.