ಸುಟ್ಟ ಮೇಲೆ ಬರಬೇಡಿ

ಬೆಳುಗುಪ್ಪದಲ್ಲಿ ಸುಟ್ಟ ಮೋಟಾರು ಕಟ್ಟೋದು ನನ್ನ ಕಸುಬು. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ: ನಿಮ್ಮ ಮರೆವೇ ನನ್ನ ಅನ್ನ.

ಒಂದು ಬೇಸಿಗೆಯಲ್ಲಿ ಪಕ್ಕದೂರಿನ ಕುಡಿಯೋ ನೀರಿನ ಮೋಟಾರು ಅಂಗಡಿಗೆ ಬಂತು. ಬಿಚ್ಚಿ ನೋಡಿದೆ. ಎರಡು ಫೇಸಿನ ಸುರುಳಿ ಕರಿಕಲು, ಮೂರನೆಯದು ಹೊಸದರಂತೆ ಹೊಳೀತಿತ್ತು. ಅಂದರೆ ಒಂದು ಫೇಸು ಹೋದಮೇಲೂ ಓಡಿಸಿದ್ದಾರೆ. ಸ್ಟಾರ್ಟರಿನ ರಿಲೇ ಪದೇಪದೇ ಬೀಳುತ್ತದೆ ಅಂತ ಯಾರೋ ತಂತಿ ಸುತ್ತಿ ಕಟ್ಟಿದ್ದರಂತೆ. ಅಯ್ಯಾ, ಅದು ಬೀಳುತ್ತಿದ್ದದ್ದೇ ಮೋಟಾರು ಉಳಿಸೋಕೆ! ಐದು ದಿನ ಆ ಊರಿನ ಹೆಣ್ಣುಮಕ್ಕಳು ಬಿಂದಿಗೆ ಹೊತ್ತು ಹೊಲದ ಬೋರಿಗೆ ನಡೆದರು. ನನಗೆ ಕೂಲಿ ಬಂತು, ನಾಚಿಕೆಯೂ ಬಂತು.

"ಓಡ್ತಿರೋದನ್ನ ಯಾಕೆ ಮುಟ್ಟೋದು?" ಅಂತೀರಿ. ಓಡುವಾಗ ನೋಡದವರು ನಿಂತಾಗ ಅಳಬೇಕು. ಸುರುಳಿ ತಡೆಯುವ ಮಿತಿಗಿಂತ 10 ಡಿಗ್ರಿ ಹೆಚ್ಚು ಬಿಸಿಯಲ್ಲಿ ಓಡಿದರೆ ಅದರ ಹೊದಿಕೆಯ ಆಯಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ. ಗಾಳಿಕಿಂಡಿಗೆ ಧೂಳು ಕಟ್ಟಿದರೂ ಬಿಸಿ ಏರೀತು. ಬೇರಿಂಗಿಗೆ ಗ್ರೀಸು ಕಡಿಮೆಯಾದರೂ ಕಾಯುತ್ತದೆ, ಹೆಚ್ಚು ತುಂಬಿದರೂ ಕಾಯುತ್ತದೆ.

ಇದು ಊರ ಬೋರಿನ ಮಾತಷ್ಟೇ ಅಲ್ಲ. ನಮ್ಮ ಮಂಡಲದ ಜೀಡಿಪಲ್ಲಿ ಜಲಾಶಯಕ್ಕೆ ಕೃಷ್ಣೆ ತಾನಾಗಿ ಹರಿದು ಬರೋದಿಲ್ಲ. ಹಂದ್ರಿ-ನೀವಾ ಕಾಲುವೆಯಲ್ಲಿ ಮಾಲ್ಯಾಲದಿಂದ 200 ಕಿಲೋಮೀಟರಿಗೂ ಹೆಚ್ಚು ದೂರ, ಮೆಟ್ಟಿಲು ಮೆಟ್ಟಿಲಾಗಿ ದೊಡ್ಡ ಮೋಟಾರುಗಳು ಎತ್ತಿ ತರಬೇಕು. ಶ್ರೀಶೈಲದ ಹಿನ್ನೀರು ಇಳಿದಾಗ ಅವಕ್ಕೆ ಕೆಲಸವಿಲ್ಲ. ನಿಂತ ಮೋಟಾರು ತೇವ ಕುಡಿಯುತ್ತದೆ. ಅದಕ್ಕೇ ಇಂಥ ದೊಡ್ಡ ಮೋಟಾರುಗಳ ಒಳಗೆ ಹೀಟರ್ ಇಡುತ್ತಾರೆ, ನಿಂತಾಗ ಅದು ಬೆಚ್ಚಗಿರಬೇಕು. ಮತ್ತೆ ಓಡಿಸುವ ಮೊದಲು ಮೆಗ್ಗರ್ ಹಿಡಿದು ನೋಡಬೇಕು. 11 ಕಿಲೋವೋಲ್ಟಿನ ಮೋಟಾರು ಹಳೆಯ ಲೆಕ್ಕದಲ್ಲಿ ಕನಿಷ್ಠ 12 ಮೆಗಾಓಮ್ ತೋರಿಸಬೇಕು, ಈಗಿನ ಸುರುಳಿಗಳಾದರೆ 100. ಇಷ್ಟು ನೋಡದೆ ಸ್ವಿಚ್ ಒತ್ತಿದರೆ, ನಡುವಿನ ಒಂದು ಮೆಟ್ಟಿಲು ಮುರಿದರೂ ಕೊನೆಯಲ್ಲಿರುವ ನಮ್ಮ ಪಾಲು ಕುಗ್ಗುತ್ತದೆ.

ಮೇಷ್ಟ್ರೇ, ನಿಮಗೂ ಒಂದು ಮಾತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತೆಂದು ಮಕ್ಕಳಿಗೆ ಹೇಳುತ್ತೀರಿ. ಕಟ್ಟಿಸಿದವರ ಹೆಸರೂ ಹೇಳುತ್ತೀರಿ. ಅಲ್ಲಿ ರಾತ್ರಿ ಪಾಳಿಯಲ್ಲಿ ಜನರೇಟರಿನ ಸದ್ದು ಕೇಳುತ್ತಾ, ಬೇರಿಂಗಿನ ಬಿಸಿ ನೋಡುತ್ತಾ ಎಚ್ಚರವಿದ್ದವರ ಪಾಠ ಯಾಕೆ ಇಲ್ಲ? ಕಟ್ಟಿದ್ದು ಒಂದು ಸಲ, ಕಾದದ್ದು ದಿನಾ.

ನಾವೂ ಹಾಗೇ. ಆಯುಧಪೂಜೆಗೆ ಮೋಟಾರಿಗೆ ಕುಂಕುಮ ಇಟ್ಟು ಕುಂಬಳಕಾಯಿ ಒಡೆಯುತ್ತೇವೆ, ಉಳಿದ 364 ದಿನ ಆ ಕಡೆ ತಲೆ ಹಾಕಲ್ಲ. ಹೂವು ಹಾಕಿದ್ದು ತಪ್ಪಲ್ಲ, ಧೂಳು ಒರೆಸದೆ ಹಾಕಿದ್ದು ತಪ್ಪು.

ಸುಟ್ಟ ಮೋಟಾರಿಗೆ ಪಂಚಾಯಿತಿಯಲ್ಲಿ ಹೇಗೋ ದುಡ್ಡು ಹುಟ್ಟುತ್ತದೆ. ಸುಡದ ಮೋಟಾರಿಗೆ ಒಂದು ನೋಟುಬುಕ್ಕಿಗೂ ದುಡ್ಡಿಲ್ಲವೇ? ಮೂರು ಫೇಸಿನ ವೋಲ್ಟೇಜು, ಕರೆಂಟು ದಿನಾ ಬರೆಯಿರಿ. ವೋಲ್ಟೇಜು ಫೇಸಿಂದ ಫೇಸಿಗೆ ನೂರಕ್ಕೆ ಒಂದು ಪಾಲು ಏರುಪೇರಾದರೆ ಕರೆಂಟು ಆರರಿಂದ ಹತ್ತು ಪಾಲು ಏರುಪೇರಾಗುತ್ತದೆ. ಪುಸ್ತಕ ನೋಡಿದವರಿಗೆ ಅದು ಮೊದಲೇ ಕಾಣುತ್ತದೆ. ತಿಂಗಳಿಗೊಮ್ಮೆ ಆ ಪುಸ್ತಕವನ್ನು ನಮ್ಮ ವಾಚನಾಲಯದ ಮೇಜಿನ ಮೇಲಿಡಿ, ಪೇಪರಿನ ಜೊತೆ ಅದನ್ನೂ ಓದೋಣ.

ನನ್ನ ಅಂಗಡಿಗೆ ಗಿರಾಕಿ ಕಡಿಮೆಯಾದರೆ ಆಗಲಿ. ಆ ಬಿಂದಿಗೆಗಳನ್ನು ಇನ್ನೊಂದು ಸಲ ನೋಡಲಾರೆ.